ಸೋಲುವ ಡ್ಯೂಟಿ

ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಫೋನು ಕೈಗೆತ್ತಿಕೊಂಡದ್ದು ನಮ್ಮ ಡ್ಯೂಟಿ ಗುಮಾಸ್ತರ ಮೊದಲ ತಪ್ಪು. ಮುಖ ತೊಳೆದು, ಕಾಫಿ ಕುಡಿದು, ಗೋಡೆಗೆ ಒರಗಿ ಕೂತು ನೋಡಿದ್ದರೆ ಆಘಾತ ಸ್ವಲ್ಪ ಕಡಿಮೆಯಾಗುತ್ತಿತ್ತೋ ಏನೋ. ಚೆಸ್ ಆ್ಯಪ್ ತೆರೆದರೆ ದಿನವೂ ಕಾಣುತ್ತಿದ್ದ ಹಸಿರು-ಬಿಳಿ ಮನೆಗಳ ಜಾಗದಲ್ಲಿ ಒಂದು ಕೆಂಪು ಪಟ್ಟಿ ಕೂತಿತ್ತು. "ಹುಲಿಮೀಸೆಯವರೇ, ನಿಮ್ಮ ಗೆಲುವಿನ ಬಗ್ಗೆ ದೂರು ಬಂದಿದೆ. ಮೋಸದ ಆಟವೆಂಬ ಅನುಮಾನವಿರುವುದರಿಂದ ವಿಚಾರಣೆ ಮುಗಿಯುವ ತನಕ ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ."

ಹುಲಿಮೀಸೆ ಎಂಬುದು ಗುಮಾಸ್ತರು ಆನ್‌ಲೈನ್ ಆಟಕ್ಕೆಂದು ಇಟ್ಟುಕೊಂಡ ಹೆಸರು. ಅವರಿಗೆ ಮೀಸೆಯೇ ಇಲ್ಲ. ಇದ್ದಿದ್ದರೆ ಆ ಗಳಿಗೆಯಲ್ಲಿ ಉದುರಿ ಬೀಳುತ್ತಿತ್ತು.

"ಮೋಸ! ನಾನು! ನಾನು ಮೋಸ ಮಾಡೋನು!" ಎಂದು ಅವರು ಹಾಸಿಗೆಯ ಮೇಲೆಯೇ ಎದ್ದು ನಿಂತು ಕಿರುಚಿದರು.

ಅಡುಗೆಮನೆಯಲ್ಲಿ ಏನೋ ಧಡಾರನೆ ಬಿದ್ದ ಸದ್ದಾಯಿತು. ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದು, ವಿಷಯ ಕೇಳಿ ಬಿಳಿಚಿಕೊಂಡಳು.

"ಅಯ್ಯೋ, ದೂರು ಕೊಟ್ಟಿದ್ದು ನಾನಲ್ಲಪ್ಪಾ!"

"ನೀನು ಅಂತ ಯಾರೇ ಅಂದ್ರು? ನಿನಗೂ ಇದಕ್ಕೂ ಏನೇ ಸಂಬಂಧ?"

"ಏನಿಲ್ಲ, ಸುಮ್ನೆ ಹೇಳ್ದೆ. ಈಗೇನ್ರೀ ಗತಿ? ಇನ್ಮೇಲೆ ನೀವು ಗೆಲ್ಲೋ ಹಾಗೇ ಇಲ್ವಾ?" ಅವಳ ದನಿಯಲ್ಲಿ ನಿಜವಾದ ಭಯವಿತ್ತು. ಗಂಡನ ಮರ್ಯಾದೆಯ ಬಗ್ಗೆ ಇವಳಿಗೆ ಎಷ್ಟು ಕಾಳಜಿ ಎಂದು ಗುಮಾಸ್ತರ ಕಣ್ಣು ತುಂಬಿ ಬಂತು.

ಇಲ್ಲಿ ಅವರ ಆಟದ ಚರಿತ್ರೆಯನ್ನು ಸ್ವಲ್ಪ ಹೇಳಲೇಬೇಕು. ಬಸ್ ಡಿಪೋದಲ್ಲಿ ಯಾವ ಡ್ರೈವರು, ಯಾವ ಕಂಡಕ್ಟರು ಯಾವ ಬಸ್ಸಿಗೆ ಎಂದು ದಿನವೂ ಡ್ಯೂಟಿ ಹಾಕುವುದು ಅವರ ಕೆಲಸ. ಚೆಸ್ಸು ಅವರ ಹುಚ್ಚು. ಆಡಲು ಶುರುಮಾಡಿ ವರ್ಷಗಳೇ ಕಳೆದಿದ್ದರೂ ಆಟಗಾರನ ಮಟ್ಟ ಹೇಳುವ ರೇಟಿಂಗು ಮಾತ್ರ ಕೆಟ್ಟು ನಿಂತ ಬಸ್ಸಿನ ಹಾಗೆ ಇದ್ದಲ್ಲೇ ಇತ್ತು. ಶೈಲಿಯೇ ಅಂಥದ್ದು. ಬೇರೆಯವರು ಕುದುರೆ, ಒಂಟೆಗಳನ್ನು ಹೊರಗೆ ತಂದು, ರಾಜನನ್ನು ಒಂದು ಮೂಲೆಗೆ ಸೇರಿಸಿ, ನಿಧಾನವಾಗಿ ಯುದ್ಧಕ್ಕೆ ಇಳಿಯುತ್ತಾರೆ. ಇವರು ಒಂದು ಕಾಲಾಳನ್ನು ಮುಂದಕ್ಕೆ ಸರಿಸಿದ ಕೂಡಲೇ ರಾಣಿಯನ್ನು ಹೊರಡಿಸುತ್ತಿದ್ದರು. ಆಕೆ ಒಬ್ಬಳೇ ಎದುರಾಳಿಯ ಮನೆಯೊಳಕ್ಕೆ ನುಗ್ಗಿ, ಸಿಕ್ಕಿದ ಕಾಲಾಳೊಂದನ್ನು ನುಂಗಿ, ಅಲ್ಲೇ ಯಾವುದಾದರೂ ಕುದುರೆಯ ಕಾಲಿಗೆ ಸಿಕ್ಕಿ ಸಾಯುತ್ತಿದ್ದಳು. ಮಿಕ್ಕ ಆಟವೆಲ್ಲ ರಾಣಿಯಿಲ್ಲದ ರಾಜ ಬೋರ್ಡಿನ ತುಂಬಾ ದಿಕ್ಕೆಟ್ಟು ಓಡುವುದೇ ಆಗಿತ್ತು.

ಎರಡು ತಿಂಗಳ ಹಿಂದೆ ಅದೇನಾಯಿತೋ, ಕಾಲ ತಿರುಗಿತು. ಉಗ್ರಕುದುರೆ, ಬಿರುಗಾಳಿ, ಕರಿಮೋಡ ಎಂಬಂಥ ಭಯಂಕರ ಹೆಸರಿನ ಅಪರಿಚಿತರು ಹುಲಿಮೀಸೆಯನ್ನೇ ಹುಡುಕಿಕೊಂಡು ಬಂದು ಆಟಕ್ಕೆ ಕರೆಯತೊಡಗಿದರು. ಕರೆದವರೆಲ್ಲ ಸೋತರು. ರೇಟಿಂಗು ದಿನದಿನಕ್ಕೆ ಏರಿತು. ಜೊತೆಗೆ ಗುಮಾಸ್ತರ ಗತ್ತೂ ಏರಿತು. ತಮ್ಮ ಶೈಲಿಗೆ "ರಾಣಿ ನುಗ್ಗು" ಎಂದು ತಾವೇ ಹೆಸರಿಟ್ಟರು. ಕಾಯಿ ನಡೆಸುವ ಮುಂಚೆ ಕಣ್ಣು ಅರೆ ಮುಚ್ಚಿ ತೋರುಬೆರಳಿನಿಂದ ಮೂಗಿನ ತುದಿಯನ್ನು ಮುಟ್ಟಿಕೊಳ್ಳುವ ಅಭ್ಯಾಸವೂ ಬಂತು. ನಿನ್ನೆ ಸಂಜೆಯಂತೂ ಒಂಟಿಸಲಗ ಎಂಬ, ಇವರಿಗಿಂತ ಎಷ್ಟೋ ಮೇಲಿನ ರೇಟಿಂಗಿನ ಹೊಸ ಆಸಾಮಿಯನ್ನು ಮಣ್ಣು ಮುಕ್ಕಿಸಿದ್ದರು. ಮಾರನೆಯ ಬೆಳಗ್ಗೆ ಸಿಕ್ಕ ಬಹುಮಾನ ಮೋಸಗಾರನೆಂಬ ಹಣೆಪಟ್ಟಿ.

"ನನ್ನ ಕೈಲಿ ಸೋತೋರಲ್ಲೇ ಯಾರೋ ಹೊಟ್ಟೆಕಿಚ್ಚಿಗೆ ದೂರು ಕೊಟ್ಟಿದಾರೆ. ಅವನನ್ನ ಹಿಡಿದು, ನಾನು ಸ್ವಂತ ತಲೆಯಿಂದ ಗೆದ್ದವನು ಅಂತ ಅವನ ಬಾಯಲ್ಲೇ ಹೇಳಿಸ್ದೇ ಇದ್ರೆ ಕೇಳು!" ಎಂದು ಶಪಥ ಮಾಡಿ ಗುಮಾಸ್ತರು ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಹೊರಟರು.

ಮೆಟ್ಟಿಲಿಳಿಯುವಾಗ ಕೆಳಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಬಾಗಿಲಲ್ಲೇ ಸಿಕ್ಕಿದರು. ಊರ ಮೇಲಿನ ಸುದ್ದಿಯೆಲ್ಲ ಬೇಕಾದ ಮನುಷ್ಯ. ಗುಮಾಸ್ತರು ನಡೆದದ್ದನ್ನು ಹೇಳಿ, "ಸೋತೋರಲ್ಲೇ ಯಾರೋ ಚಾಡಿ ಹೇಳಿದಾರೆ ಮೇಷ್ಟ್ರೇ. ಆ ಉಗ್ರಕುದುರೆ ಮೇಲೆ ನನಗೆ ಅನುಮಾನ. ದಿನಾ ಸೋಲ್ತಿದ್ದ ಬಡ್ಡೀಮಗ" ಎಂದರು.

ಮೇಷ್ಟ್ರ ಮುಖ ಕೆಂಪಾಯಿತು. "ನೋಡಿ ಗುಮಾಸ್ತ್ರೇ, ಬಾಯಿಗೆ ಬಂದ ಹಾಗೆ ಬೈಬೇಡಿ! ನಾನ್ಯಾಕ್ರೀ ದೂರು ಕೊಡ್ಲಿ? ದಿನಾ ಬೆವರು ಸುರಿಸಿ ಸೋತಿರೋನು ನಾನು!"

ಗುಮಾಸ್ತರು ಮೆಟ್ಟಿಲಿನ ಕಂಬಿಯನ್ನು ಹಿಡಿದುಕೊಂಡರು. "ಏನಂದ್ರಿ?"

"ಬಾಯಿ ತಪ್ಪಿ ಬಂದ್ಬಿಡ್ತು. ಇನ್ನು ಮುಚ್ಚಿಟ್ಟೇನು ಬಂತು? ಉಗ್ರಕುದುರೆ ನಾನೇ. ನೀವು ಸೋತ ದಿನ ನಮ್ಮ ತಲೆ ಮೇಲೆ ಈ ಗೋಡೆಯಿಂದ ಆ ಗೋಡೆಗೆ ದಡಬಡ ಓಡಾಡ್ತೀರಿ, ಕುರ್ಚಿ ಎಳೀತೀರಿ. ನನ್ನ ಊಟದ ತಟ್ಟೆಗೆ ಸೂರಿನ ಸುಣ್ಣ ಬಿದ್ದಿದೆ ಸ್ವಾಮಿ! ನೀವು ಗೆದ್ದ ದಿನ ಮನೆ ತಣ್ಣಗಿರುತ್ತೆ. ಅದಕ್ಕೇ ಮೊಮ್ಮಗಳಿಗೆ ಹೇಳಿ ಒಂದು ಖಾತೆ ತೆರೆಸಿಕೊಂಡೆ."

"ಅಂದ್ರೆ... ಬೇಕೂಂತಲೇ ಸೋತ್ರಾ?"

"ಸುಲಭ ಅಂದ್ಕೊಂಡ್ರಾ? ರಾಣೀನ ತಂದು ನೇರ ನನ್ನ ಬಾಯಿಗೇ ಇಡ್ತೀರಿ. ನಾನು ಅದನ್ನ ನೋಡ್ದೇ ಇರೋ ಹಾಗೆ ನಟಿಸ್ಬೇಕು. ನಿಮಗೆ ಸೋಲೋ ಅಷ್ಟರಲ್ಲಿ ನನ್ನ ಜೀವ ಅರ್ಧ ಆಗಿರುತ್ತೆ."

ಉಗ್ರಕುದುರೆಯ ಮೇಲೆ ಗಳಿಸಿದ ಒಂದೊಂದು ಗೆಲುವನ್ನೂ ಗುಮಾಸ್ತರು ಹೆಂಡತಿಗೆ ಎರಡೆರಡು ಸಲ ವಿವರಿಸಿದ್ದರು. ಹೋಗಲಿ, ಒಬ್ಬ ಮುದುಕ ಹೀಗೆ ಮಾಡಿದರೆ ಪೂರ್ತಿ ಪ್ರತಿಭೆ ಸುಳ್ಳಾಗುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತ ಡಿಪೋ ಕಡೆ ಹೆಜ್ಜೆ ಹಾಕಿದರು.

ಡಿಪೋದಲ್ಲಿ ಆಗಲೇ ಗುಂಪು ಕೂಡಿತ್ತು. ಖಾತೆ ತಡೆಹಿಡಿದರೆ ಹೆಸರಿನ ಮೇಲೆ ಕೆಂಪು ಗೆರೆ ಬೀಳುತ್ತದೆ, ಅದು ಊರಿಗೆಲ್ಲ ಕಾಣುತ್ತದೆ. ತೊಳೆಯುತ್ತಿದ್ದ ಬಸ್ಸುಗಳನ್ನು ಅರ್ಧಕ್ಕೇ ಬಿಟ್ಟು, ಹಳೆ ಟಯರುಗಳ ರಾಶಿಯ ಹತ್ತಿರ ಎಲ್ಲರೂ ಸಾವಿನ ಮನೆಗೆ ಬಂದವರ ಹಾಗೆ ನಿಂತಿದ್ದರು. ಗುಮಾಸ್ತರನ್ನು ಕಂಡ ಕೂಡಲೇ ಹಿರಿಯ ಕಂಡಕ್ಟರು ಟಿಕೆಟ್ ಚೀಲ ಎದೆಗೊತ್ತಿಕೊಂಡು ಓಡಿ ಬಂದರು.

"ಏನು ಸಾರ್ ಇದು, ಕೆಂಪು ಗೆರೆ! ಹಾಗಾದ್ರೆ ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಹೇಗೆ ಸಾರ್?"

"ಊಟದ ಹೊತ್ತಿಗೆ ಏನು ಹೇಗೆ?"

ಕಂಡಕ್ಟರು ತುಟಿ ಕಚ್ಚಿಕೊಂಡು ಸ್ಟೋರ್‌ಕೀಪರರ ಮುಖ ನೋಡಿದರು. ಸ್ಟೋರ್‌ಕೀಪರರು ಆಕಾಶ ನೋಡಿದರು. ಬೆಳಗ್ಗೆ ಒಂದು ಪೆಟ್ಟು ತಿಂದಿದ್ದ ಗುಮಾಸ್ತರಿಗೆ ಈ ಸಲ ವಾಸನೆ ಬೇಗ ಹತ್ತಿತು. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಆಟಕ್ಕೆ ಕರೆಯುತ್ತಿದ್ದವನು ಬಿರುಗಾಳಿ.

"ಬಿರುಗಾಳಿ ಯಾರು?" ಎಂದು ಅವರು ಕೇಳಿದರು.

ಕಂಡಕ್ಟರು ಮೆಲ್ಲಗೆ ಕೈ ಎತ್ತಿದರು. ಅವರ ಹಿಂದಿದ್ದ ಇಬ್ಬರು ಡ್ರೈವರುಗಳೂ ಕೈ ಎತ್ತಿದರು. ಟಿಕೆಟ್ ಕೌಂಟರಿನ ಹೆಂಗಸೂ ಎತ್ತಿದಳು. ನಿಂತ ಬಸ್ಸಿನ ಅಡಿಯಿಂದ ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ಕಿನ ಕೈಯೊಂದು ಹೊರಗೆ ಬಂತು.

"ಇಷ್ಟು ಜನಾನಾ?" ಗುಮಾಸ್ತರು ಟಯರಿನ ಮೇಲೆ ಕುಸಿದು ಕೂತರು.

"ಅದು ಎಲ್ಲರದ್ದೂ ಖಾತೆ ಸಾರ್, ಪಾಳಿ ಮೇಲೆ ಸೋಲ್ತೀವಿ" ಎಂದರು ಕಂಡಕ್ಟರು. "ತಪ್ಪು ತಿಳ್ಕೋಬೇಡಿ. ಮಧ್ಯಾಹ್ನ ನೀವು ಸೋತ್ರೆ ಆಗ ಕಣ್ಣಿಗೆ ಬಿದ್ದೋರಿಗೆ ಗುಡ್ಡದ ಕೊನೇ ಬಸ್ಸು ಹಾಕ್ತೀರಿ. ಅಲ್ಲಿ ಬಸ್ಸಲ್ಲೇ ಮಲಗ್ಬೇಕು, ಸೊಳ್ಳೆ ಎತ್ಕೊಂಡು ಹೋಗುತ್ತೆ. ಒಂದ್ಸಲ ನೀವು ಸೋತ ಹೊತ್ತಿಗೆ ಸರಿಯಾಗಿ ನಾನು ಕೆಮ್ಮಿದೆ ಅಂತ ವಾರಪೂರ್ತಿ ಗುಡ್ಡ ಹತ್ತಿಸಿದ್ರಿ. ನನಗೆ ನೆಗಡಿ ಆಗಿತ್ತು ಸಾರ್!"

ಬಸ್ಸಿನ ಅಡಿಯಿಂದ ಮೆಕ್ಯಾನಿಕ್ ಕೂಗಿದ, "ನೀವು ಗೆದ್ದ ದಿನ ಕೇಳಿದೋರಿಗೆ ಕೇಳಿದ ರೂಟು ಸಿಗುತ್ತೆ ಸಾರ್. ನಮಗೆಲ್ಲ ಡ್ಯೂಟಿ ಹಾಕೋದು ನೀವು, ನಿಮಗೆ ಸೋಲೋ ಡ್ಯೂಟಿ ಹಾಕೋದು ಸ್ಟೋರ್‌ಕೀಪರು."

"ರಜೆ ಹಾಕಿದೋರ ಜಾಗಕ್ಕೆ ಬದಲಿ ಜನಾನೂ ಕೊಟ್ಟಿದೀನಿ ಸಾರ್. ಒಂದು ದಿನಾನೂ ನಿಮ್ಮ ಗೆಲುವಿಗೆ ತೊಂದರೆ ಆಗಿಲ್ಲ" ಎಂದು ಸ್ಟೋರ್‌ಕೀಪರರು ವಿನಯದಿಂದ ತಲೆ ಬಗ್ಗಿಸಿದರು.

ಗುಮಾಸ್ತರು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಉಳಿದದ್ದು ಕರಿಮೋಡ. ರಾತ್ರಿ ಊಟಕ್ಕೆ ಮುಂಚೆ ತಪ್ಪದೆ ಬಂದು ಸೋತು ಹೋಗುತ್ತಿದ್ದ ಕರಿಮೋಡ. ಬೆಳಗ್ಗೆ ಅಡುಗೆಮನೆಯಲ್ಲಿ ಬಿದ್ದ ಪಾತ್ರೆಯ ಸದ್ದು ಈಗ ಬೇರೆಯೇ ರೀತಿ ಕೇಳಿಸಿತು. ಅವರು ಮನೆಗೆ ಫೋನ್ ಮಾಡಿದರು.

"ಏನೇ, ಕರಿಮೋಡ ಅನ್ನೋ ಹೆಸರು ಎಲ್ಲಾದ್ರೂ ಕೇಳಿದೀಯಾ?"

ಆ ಕಡೆ ಇನ್ನೊಂದು ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಹೆಂಡತಿ, "ಇನ್ನೇನ್ರೀ ಮಾಡ್ಲಿ ನಾನು? ಸೋತು ಬಂದ್ರೆ ಉಪ್ಪಿನ ಡಬ್ಬಿ ರಾಜ, ನೀರಿನ ಲೋಟ ರಾಣಿ ಅಂತ ಊಟದ ಮೇಜಿನ ಮೇಲೆಲ್ಲ ಜೋಡಿಸಿಕೊಂಡು ಎಲ್ಲಿ ತಪ್ಪಾಯ್ತು ಅಂತ ಹೇಳ್ತಾ ಕೂರ್ತೀರಿ. ಬಡಿಸಿದ್ದೆಲ್ಲ ತಣ್ಣಗಾಗುತ್ತೆ. ಗೆದ್ರೆ ಸುಮ್ನೆ ಊಟ ಮಾಡಿ ಏಳ್ತೀರಿ. ಅಯ್ಯೋ, ಹಾಲು ಉಕ್ತಿದೆ, ಇಡ್ತೀನಿ" ಎಂದು ಫೋನ್ ಇಟ್ಟೇಬಿಟ್ಟಳು.

ಗುಮಾಸ್ತರು ಮೇಜಿನ ಮೇಲೆ ತಲೆಯಿಟ್ಟರು. ಎರಡು ತಿಂಗಳ ಏರಿಕೆಯೆಲ್ಲ ಮೇಷ್ಟ್ರ ನಿದ್ದೆ, ಕಂಡಕ್ಟರರ ಸೊಳ್ಳೆ, ಹೆಂಡತಿಯ ಬಿಸಿ ಊಟ! ಅವರಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು. ಇಷ್ಟು ದಿನ ಮೂಗು ಮುಟ್ಟಿಕೊಂಡು ಯೋಚಿಸಿದ್ದೆಲ್ಲ ಬರೀ ಮೂಗು ಮುಟ್ಟಿಕೊಂಡದ್ದಷ್ಟೇ!

ಆಗ ಥಟ್ಟನೆ ಒಂದು ಹೆಸರು ನೆನಪಾಗಿ ತಲೆ ಮೇಲೆದ್ದಿತು. ಅವರು ಬಾಗಿಲು ತೆರೆದು ಅಂಗಳಕ್ಕೇ ಓಡಿದರು.

"ಒಂಟಿಸಲಗ ಯಾರ್ರೀ? ನಿನ್ನೆ ಸಂಜೆ ಆಡಿದ್ದು. ಯಾರದ್ದಿತ್ತು ಡ್ಯೂಟಿ?"

ಎಲ್ಲರೂ ಮುಖ ಮುಖ ನೋಡಿಕೊಂಡರು. ಸ್ಟೋರ್‌ಕೀಪರರು ಯೋಚಿಸಿ, "ಇಲ್ಲ ಸಾರ್, ಆ ಹೆಸರು ನಮ್ಮದಲ್ಲ. ಸಂಜೆ ಹೊತ್ತು ನಮಗೆ ಬರೋದೇ ಇಲ್ಲ, ಅದು ಮನೆಯವರ ಪಾಲು" ಎಂದರು. ಮನೆಗೆ ಮತ್ತೆ ಫೋನ್ ಹೋಯಿತು, ಅವಳಲ್ಲ. ಮೇಷ್ಟ್ರಿಗೆ ಹೋಯಿತು, ಅವರೂ ಅಲ್ಲ.

ಅಂದರೆ ಒಂಟಿಸಲಗ ನಿಜವಾದ ಎದುರಾಳಿ! ಯಾರ ಹಂಗೂ ಇಲ್ಲದೆ ಬಂದು, ಗೆಲ್ಲಲೆಂದೇ ಆಡಿ, ಹುಲಿಮೀಸೆಯ ಕೈಯಲ್ಲಿ ನಿಜವಾಗಿ ಸೋತವನು! ಜನ್ಮಕ್ಕೆ ಒಂದೇ ಆದರೂ ಅದು ಅಪ್ಪಟ ಗೆಲುವು. ಗುಮಾಸ್ತರು ಎದೆಯುಬ್ಬಿಸಿದರು. "ನೀವೆಲ್ಲ ನಿಮ್ಮ ನಿಮ್ಮ ಸೋಲನ್ನ ವಾಪಸ್ ತಗೊಳ್ಳಿ. ನನಗೆ ಆ ಒಂದು ಸಾಕು. ಅದನ್ನ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ" ಎಂದು ಘೋಷಿಸುವಷ್ಟರಲ್ಲಿ ಜವಾನ ಬಂದು, ಡಿಪೋ ಮ್ಯಾನೇಜರು ಕರೆಯುತ್ತಿದ್ದಾರೆ ಎಂದ.

ಮ್ಯಾನೇಜರು ದೊಡ್ಡ ದೇಹದ, ಸಣ್ಣ ಕಣ್ಣಿನ ಮನುಷ್ಯ. ಅವರ ಎದುರು ಮೇಜಿನ ಮೇಲೆ ಫೋನು ಮಲಗಿತ್ತು. ಅದರ ಪರದೆಯಲ್ಲಿ ನಿನ್ನೆಯ ಆಟದ ಕೊನೆಯ ಚಿತ್ರ ಇತ್ತು. ಅದನ್ನು ತಲೆಕೆಳಗಾಗಿ ನೋಡಿದರೂ ಗುಮಾಸ್ತರಿಗೆ ಗುರುತು ಸಿಕ್ಕಿತು.

"ಗುಮಾಸ್ತ್ರೇ, ಹುಲಿಮೀಸೆ ನೀವಂತೆ. ಊರೆಲ್ಲ ಹೇಳ್ಕೊಂಡು ತಿರುಗ್ತೀರಂತೆ. ನನಗೆ ಇವತ್ತು ಬೆಳಗ್ಗೆ ಗೊತ್ತಾಯ್ತು."

"ಸಾರ್, ಹಾಗಾದ್ರೆ ಒಂಟಿಸಲಗ..."

"ನಾನು. ದೂರು ಕೊಟ್ಟಿದ್ದೂ ನಾನೇ. ಕಾಲೇಜಿನಲ್ಲಿ ಚಾಂಪಿಯನ್ ಆಗಿದ್ದವನು ರೀ ನಾನು! ನನ್ನ ಕಾಲಾಳಿನ ಬಾಯಿಗೆ ರಾಣೀನ ತಂದು ಇಟ್ರಿ. ಮನುಷ್ಯರಾದೋರು ಯಾರಾದ್ರೂ ಹಾಗೆ ಆಡ್ತಾರಾ? ಅದು ಕಂಪ್ಯೂಟರ್ ಆಟ. ಕಂಪ್ಯೂಟರ್ ಪಕ್ಕದಲ್ಲಿಟ್ಟುಕೊಂಡು ನನ್ನ ಸೋಲಿಸಿದ್ರಿ!"

ಬೇರೆ ಯಾರಾದರೂ ಆಗಿದ್ದರೆ ಕಾಲು ಹಿಡಿಯುತ್ತಿದ್ದರು. ಗುಮಾಸ್ತರ ಮುಖ ಅರಳಿತು. "ಸಾರ್, ಒಂದೇ ಒಂದು ಮಾತು. ನೀವು ಬೇಕೂಂತ ಸೋತಿದ್ದಲ್ಲ ತಾನೇ?"

"ಏನ್ರೀ ಹಾಗಂದ್ರೆ?"

"ಅಂದ್ರೆ, ನಿಜವಾಗ್ಲೂ ಸೋತ್ರಿ ತಾನೇ? ಗೆಲ್ಲೋಕೆ ಪೂರ್ತಿ ಪ್ರಯತ್ನ ಪಟ್ಟು, ಆಗ್ದೇ ಸೋತ್ರಿ ಅಲ್ವಾ ಸಾರ್? ದಯವಿಟ್ಟು ಹೌದು ಅನ್ನಿ ಸಾರ್!"

ಮ್ಯಾನೇಜರ ಸಣ್ಣ ಕಣ್ಣುಗಳು ದೊಡ್ಡವಾದವು. ಅವರು ಎದ್ದು ನಿಂತು ಮೇಜು ಗುದ್ದಿದರು. "ಹೊರಗೆ ಕ್ಯಾಂಟೀನಿಗೆ ಬನ್ನಿ. ನಿಜವಾದ ಬೋರ್ಡು, ನಿಜವಾದ ಕಾಯಿ. ಫೋನು ಜವಾನನ ಕೈಗೆ ಕೊಡಿ. ಎಲ್ಲರ ಎದುರಿಗೇ ಆಡಿ ತೋರಿಸಿ. ಸೋತ್ರೆ ನೀವು ಮೋಸಗಾರ ಅಂತ ನೋಟಿಸ್ ಬೋರ್ಡಿಗೆ ಹಾಕಿಸ್ತೀನಿ!"

ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಸಿಬ್ಬಂದಿಯೆಲ್ಲ ಗುಮಾಸ್ತರನ್ನು ಸುತ್ತುವರಿದರು. "ಸಾರ್, ಸೋತ್ಬಿಡಿ" ಎಂದು ಕಂಡಕ್ಟರು ಪಿಸುಗುಟ್ಟಿದರು. "ಹೋದ ವರ್ಷ ಕೇರಂನಲ್ಲಿ ಸೋತಿದ್ದಕ್ಕೆ ಸಾಹೇಬರು ಎಲ್ಲರ ವಾರದ ರಜೆ ಕಿತ್ಕೊಂಡಿದ್ದು ಮರ್ತು ಹೋಯ್ತಾ? ನಿಮ್ಮೊಬ್ಬರಿಗೆ ಕೆಟ್ಟ ಹೆಸರು ಬಂದ್ರೆ ಬರಲಿ ಸಾರ್, ನಾವೆಲ್ಲ ನಿಮ್ಮ ಜೊತೆ ಇದೀವಿ."

"ಸಾಧ್ಯವೇ ಇಲ್ಲ. ಇದು ನನ್ನ ಒಂದೇ ಒಂದು ಗೆಲುವಿನ ಮಾನದ ಪ್ರಶ್ನೆ. ಪ್ರಾಣ ಹೋದ್ರೂ ನಾನು ಸರಿಯಾಗಿ ಆಡೋನೇ" ಎಂದರು ಗುಮಾಸ್ತರು.

ಕ್ಯಾಂಟೀನಿನ ಉದ್ದ ಮೇಜಿನ ಮೇಲೆ ಬೋರ್ಡು ಬಿತ್ತು. ಒಂದು ಆನೆ ಕಳೆದುಹೋಗಿದ್ದರಿಂದ ಅದರ ಜಾಗಕ್ಕೆ ಬಸ್ಸಿನ ಚಕ್ರದ ನಟ್ಟೊಂದನ್ನು ಇಟ್ಟರು. ಶಿಫ್ಟು ಮುಗಿದವರು, ಶುರುವಾಗಬೇಕಾದವರು, ಎಲ್ಲರೂ ಬೆಂಚುಗಳ ಮೇಲೆ ಹತ್ತಿ ನಿಂತರು. ಗುಮಾಸ್ತರು ಮೂಗು ಮುಟ್ಟಿಕೊಂಡು ಕಾಲಾಳನ್ನು ಸರಿಸಿದರು. ಮರುನಡೆಗೇ ರಾಣಿ ಹೊರಟಳು. ಹಿಂದೆಯೇ ಒಂಟೆಯೂ ಬಂತು. ಕೈಯಲ್ಲಿ ಫೋನಿಲ್ಲ, ಎದುರಾಳಿ ದಯೆ ತೋರುವವನಲ್ಲ, ಇದಪ್ಪಾ ನಿಜವಾದ ಯುದ್ಧ ಎಂದು ಅವರ ಮೈ ಜುಮ್ಮೆಂದಿತು. ಉತ್ಸಾಹದಲ್ಲಿ ರಾಣಿಯನ್ನು ಇನ್ನೊಂದು ಮನೆ ಮುಂದಕ್ಕೆ ತಳ್ಳಿ ಕೈ ತೆಗೆದರು.

ಕೈ ತೆಗೆದ ಮೇಲೆ ಕಂಡಿತು. ರಾಣಿ ಹೋಗಿ ಕೂತದ್ದು ಮ್ಯಾನೇಜರ ಕಾಲಾಳಿನ ಎದುರು, ಓರೆಯಲ್ಲಿ, ತಿನ್ನು ಎಂದು ಹೇಳುವ ಹಾಗೆ. ಪಕ್ಕಾ ತಪ್ಪು ನಡೆ. ಇನ್ನು ಮುಗಿಯಿತು, ನಾಳೆ ನೋಟಿಸ್ ಬೋರ್ಡಿನಲ್ಲಿ ಹೆಸರು ಎಂದುಕೊಂಡು ಗುಮಾಸ್ತರು ಕಣ್ಣು ಮುಚ್ಚಿದರು.

ಮ್ಯಾನೇಜರ ಕೈ ಕಾಲಾಳಿನ ಮೇಲೆ ಬಂತು. ಅಲ್ಲೇ ನಿಂತಿತು. ಅವರ ಹಣೆಯಲ್ಲಿ ಬೆವರು ಮೂಡಿತು.

"ನಿನ್ನೇನೂ ಇದೇ ಮಾಡಿದ್ದು" ಎಂದು ಅವರು ಗೊಣಗಿದರು. "ಊಹೂಂ, ಇದರಲ್ಲಿ ಏನೋ ಇದೆ. ಅಷ್ಟು ಸುಲಭಕ್ಕೆ ಬೀಳೋನಲ್ಲ ನಾನು." ಕೈ ಹಿಂದಕ್ಕೆ ಹೋಯಿತು. ಕಾಲಾಳನ್ನು ಮುಟ್ಟದೆ, ಇನ್ನೊಂದು ಮೂಲೆಯ ಕುದುರೆಯನ್ನು ಎಬ್ಬಿಸಿದರು.

ಗುಮಾಸ್ತರು ಕಣ್ಣು ಬಿಟ್ಟು ನೋಡಿದರೆ ರಾಣಿ ಇನ್ನೂ ಬದುಕಿದ್ದಳು. ಎದುರಿಗೆ ರಾಜನ ಪಕ್ಕದ ಕಾಲಾಳು, ಹಿಂದೆ ಬೆಂಬಲಕ್ಕೆ ಒಂಟೆ. ಅವರು ಆ ಕಾಲಾಳನ್ನು ತಿಂದರು. ಚೆಕ್. ರಾಜನಿಗೆ ಸರಿಯಲು ಜಾಗವಿಲ್ಲ. ಆಟ ಮುಗಿದಿತ್ತು.

ಬೆಂಚಿನ ಮೇಲಿದ್ದ ಮೆಕ್ಯಾನಿಕ್ ತೆರೆದ ಬಾಯಿ ಮುಚ್ಚಲಿಲ್ಲ. ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಗುಮಾಸ್ತರೇ. ಅವರಿಗೆ ಈಗ ಎಲ್ಲವೂ ಅರ್ಥವಾಗಿತ್ತು. ನಿನ್ನೆ ಸಂಜೆಯೂ ನಡೆದದ್ದು ಇದೇ. ಇವರು ಕಣ್ತಪ್ಪಿನಿಂದ ಇಟ್ಟ ರಾಣಿಯನ್ನು ಆ ಮಹಾನುಭಾವರು ಬಲೆಯೆಂದು ಹೆದರಿ ಬಿಟ್ಟಿದ್ದರು. ಜನ್ಮಕ್ಕೊಂದು ಅಪ್ಪಟ ಗೆಲುವು ಎಂದು ಎದೆಗೊತ್ತಿಕೊಂಡದ್ದೂ ಸುಳ್ಳೇ ಆಗಿತ್ತು. ಗುಮಾಸ್ತರಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು.

ಮ್ಯಾನೇಜರು ಬಹಳ ಹೊತ್ತು ಬೋರ್ಡನ್ನು ನೋಡಿದರು. ಆಮೇಲೆ ತಮ್ಮ ಫೋನ್ ತರಿಸಿಕೊಂಡು ಅದರ ಮೇಲೆ ಬೆರಳಾಡಿಸಿದರು. "ದೂರು ವಾಪಸ್ ತಗೊಂಡಿದೀನಿ. ಇದು ಕಂಪ್ಯೂಟರ್ ಅಲ್ಲ. ನಿಮ್ಮದೇ ತಲೆ. ಎಂಥಾ ತಲೆ ರೀ ನಿಮ್ಮದು!"

ಸಿಬ್ಬಂದಿ ಚಪ್ಪಾಳೆ ತಟ್ಟಲೋ ಬೇಡವೋ ಎಂದು ಕೈ ಎತ್ತಿಕೊಂಡೇ ನಿಂತಿದ್ದರು.

"ಮತ್ತೆ ಜೋಡಿಸಿ" ಎಂದರು ಮ್ಯಾನೇಜರು. "ಈ ಬಲೆಯ ಗುಟ್ಟು ಹಿಡೀದೇ ನಾನು ಏಳೋನಲ್ಲ. ನಾನು ಒಂದು ಆಟ ಗೆಲ್ಲೋ ತನಕ ಡಿಪೋದಿಂದ ಯಾರೂ ಮನೆಗೆ ಹೋಗೋ ಹಾಗಿಲ್ಲ. ಶಿಫ್ಟ್ ಮುಗಿದೋರೂ ಅಷ್ಟೇ. ಇವತ್ತಿಗೆ ಆಗ್ಲಿಲ್ಲ ಅಂದ್ರೆ ಈ ವಾರದ ರಜೆ ಎಲ್ಲ ರದ್ದು!"

ಎತ್ತಿದ್ದ ಕೈಗಳೆಲ್ಲ ತಲೆಯ ಮೇಲೆ ಹೋದವು. ಕಾಯಿ ಜೋಡಿಸುವ ನೆಪದಲ್ಲಿ ಸ್ಟೋರ್‌ಕೀಪರರು ಬಗ್ಗಿ ಗುಮಾಸ್ತರ ಕಿವಿಯಲ್ಲಿ, "ಸಾರ್, ಈಗ ಸೋಲೋ ಡ್ಯೂಟಿ ನಿಮ್ಮದು" ಎಂದರು.

ಗುಮಾಸ್ತರು ತಲೆಯಾಡಿಸಿದರು. ಇನ್ನು ಕಾಪಾಡಿಕೊಳ್ಳಲು ಯಾವ ಗೆಲುವೂ ಉಳಿದಿರಲಿಲ್ಲ. ಇಷ್ಟು ಜನ ತಮಗಾಗಿ ಎರಡು ತಿಂಗಳು ಸೋತಿದ್ದಾರೆ, ಅವರಿಗಾಗಿ ತಾವು ಒಂದು ಆಟ ಸೋಲಲಾರರೇ? ಅದೂ ವರ್ಷಗಟ್ಟಲೆ ಮಾಡಿ ಅಭ್ಯಾಸವಿರುವ ಕೆಲಸ. ಅವರು ಸಮಾಧಾನದಿಂದಲೇ ರಾಣಿಯನ್ನು ಎತ್ತಿ, ನೇರ ಮ್ಯಾನೇಜರ ಕುದುರೆಯ ಬಾಯಿಗೆ ಇಟ್ಟರು.

ಮ್ಯಾನೇಜರು ನಕ್ಕರು. "ಆಹಾ, ಈ ಸಲ ಕುದುರೆಗಾ ಬಲೆ?" ಕುದುರೆ ಹಿಂದಕ್ಕೆ ಓಡಿತು.

ಗುಮಾಸ್ತರು ಆನೆಯನ್ನು ಕೊಟ್ಟರು, ಅಂದರೆ ಆ ನಟ್ಟನ್ನು. ಮ್ಯಾನೇಜರು ಅದನ್ನು ಮುಟ್ಟಲಿಲ್ಲ. ಒಂಟೆಯನ್ನು ಕೊಟ್ಟರು. "ಬೇಡ ಸ್ವಾಮಿ, ನೀವೇ ಇಟ್ಕೊಳ್ಳಿ." ಕಾಲಾಳುಗಳನ್ನು ಸಾಲಾಗಿ ಬಲಿಗೆ ನಿಲ್ಲಿಸಿದರು. ಮ್ಯಾನೇಜರು ಒಂದೊಂದನ್ನೂ ಹಾವು ನೋಡಿದ ಹಾಗೆ ನೋಡಿ, ತಮ್ಮ ಕಾಯಿಗಳನ್ನು ಹಿಂದೆ ಹಿಂದೆ ಎಳೆದುಕೊಂಡು ರಾಜನ ಸುತ್ತ ಗುಡ್ಡೆ ಹಾಕಿದರು.

"ಸಾರ್, ನಾನು ಸೋತೆ. ಒಪ್ಕೊಂಡ್ಬಿಟ್ಟೆ ಸಾರ್" ಎಂದು ಗುಮಾಸ್ತರು ಕೈಮುಗಿದರು.

"ನನ್ನ ಮೇಲೆ ಕರುಣೆ ತೋರಿಸ್ತೀರಾ? ಗೆಲ್ಲೋ ಆಟ ಕೈಲಿಟ್ಟುಕೊಂಡು ಬಿಟ್ಟುಕೊಡ್ತೀರಾ? ಆಡ್ರೀ!" ಎಂದು ಮ್ಯಾನೇಜರು ಗುಡುಗಿದರು.

ಗುಮಾಸ್ತರು ಎಲ್ಲಕ್ಕಿಂತ ನಿರುಪದ್ರವಿಯಾಗಿ ಕಂಡ ಕುದುರೆಯೊಂದನ್ನು ಎತ್ತಿ ಆಚೆ ಇಟ್ಟರು. ಟಿಕೆಟ್ ಕೌಂಟರಿನ ಹೆಂಗಸು "ಅಯ್ಯೋ!" ಎಂದು ಚೀರಿದಳು. ತನ್ನವರ ಗುಡ್ಡೆಯ ನಡುವೆ ಅಲ್ಲಾಡಲು ಜಾಗವಿಲ್ಲದೆ ಕೂತಿದ್ದ ರಾಜನಿಗೆ ಅದು ಚೆಕ್‌ಮೇಟ್ ಆಗಿತ್ತು.

"ಮತ್ತೆ ಜೋಡಿಸಿ" ಎಂದರು ಮ್ಯಾನೇಜರು.

ಆಟದ ಮೇಲೆ ಆಟ ಸಾಗಿ ಹೊರಗೆ ಕತ್ತಲಾಗುತ್ತಿತ್ತು. ಬೆಂಚುಗಳ ಮೇಲೆ ಜನ ಒಬ್ಬರ ಹೆಗಲಿಗೊಬ್ಬರು ಒರಗಿದ್ದರು. ಗುಡ್ಡದ ಬಸ್ಸಿಗೆ ಹೋಗಬೇಕಾದವನೊಬ್ಬನನ್ನು ಬಿಟ್ಟರು, ಅವನು ಕುಣಿಯುತ್ತ ಹೋದ. ಅಷ್ಟರಲ್ಲಿ ಜವಾನನ ಕೈಯಲ್ಲಿದ್ದ ಗುಮಾಸ್ತರ ಫೋನು ಹೊಡೆದುಕೊಂಡಿತು. ಮನೆಯಿಂದ. ಮ್ಯಾನೇಜರು ಕಣ್ಣೆತ್ತದೆ, "ಬೇಗ ಮುಗಿಸಿ" ಎಂದರು.

"ಎಲ್ಲಿದೀರಿ? ಊಟ ತಣ್ಣಗಾಗ್ತಿದೆ" ಎಂದಳು ಹೆಂಡತಿ.

ಗುಮಾಸ್ತರು ಗೋಡೆಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು ಎಲ್ಲವನ್ನೂ ಹೇಳಿದರು. "ಸೋಲೋಕೇ ಆಗ್ತಿಲ್ಲ ಕಣೇ. ನೀನು ದಿನಾ ಹೇಗೆ ಸೋಲ್ತಿದ್ದೆ? ಬೇಗ ಹೇಳಿಕೊಡು, ಇಲ್ಲಾಂದ್ರೆ ಇವರೆಲ್ಲ ಸೇರಿ ನನ್ನ ಬಸ್ಸಿನಡಿಗೆ ಹಾಕ್ತಾರೆ."

"ಅಯ್ಯೋ, ಅದೇನು ಮಹಾ ವಿದ್ಯೆ ರೀ" ಎಂದು ಹೆಂಡತಿ ನಕ್ಕಳು. "ಸೋಲ್ಬೇಕಾದಾಗೆಲ್ಲ ನಾನು ನಿಮ್ಮ ಥರಾನೇ ಆಡ್ತಿದ್ದೆ. ನೀವೂ ಸುಮ್ನೆ ನಿಮ್ಮ ಥರಾನೇ ಆಡಿ."

"ನಾನು ಆಡ್ತಿರೋದೇ ಹಾಗೆ ಕಣೇ!" ಎಂದು ಗುಮಾಸ್ತರು ಅಳುದನಿಯಲ್ಲಿ ಕೂಗಿದರು. "ಅದಕ್ಕೇ ಗೆಲ್ತಾ ಇದೀನಿ!"